ಹೆಸರು ಬದಲಾದಾಗ ಕಾವಲು ತಪ್ಪದಿರಲಿ

ಫೈರ್‌ವಾಲ್ ಎಂಬ ಯಂತ್ರದೊಳಗೆ ಎಷ್ಟೇ ತಂತ್ರಜ್ಞಾನ ತುಂಬಿರಲಿ, ಅದರ ವಿವೇಕವೆಲ್ಲ ಇರುವುದು ಒಂದು ಪಟ್ಟಿಯಲ್ಲಿ. ಜಾಲಕ್ಕೆ ಬರುವ, ಜಾಲದಿಂದ ಹೋಗುವ ಒಂದೊಂದು ಪ್ಯಾಕೆಟ್ಟನ್ನೂ ಅದು ಆ ಪಟ್ಟಿಯ ನಿಯಮಗಳ ಜೊತೆ ತಾಳೆ ನೋಡುತ್ತದೆ. ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ, ಯಾವ ಪೋರ್ಟ್ ಕೇಳುತ್ತಿದೆ ಎಂದು ವಿಚಾರಿಸಿ, ಬಿಡಬೇಕೋ ತಡೆಯಬೇಕೋ ತೀರ್ಮಾನಿಸುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಸಾವಿರಾರು ಸಲ ನಡೆಯುವ ಈ ಕೆಲಸದಲ್ಲಿ ಯಂತ್ರ ತಾನಾಗಿ ಎಡವುವುದು ಅಪರೂಪ. ತಪ್ಪೇನಾದರೂ ಇದ್ದರೆ ಸಾಮಾನ್ಯವಾಗಿ ಅದು ಪಟ್ಟಿಯಲ್ಲಿರುತ್ತದೆ. ಪಟ್ಟಿ ಬರೆಯುವವರು ಮನುಷ್ಯರು.

1980ರ ದಶಕದ ಕೊನೆಯಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್, ಎಟಿ ಅಂಡ್ ಟಿ ಬೆಲ್ ಲ್ಯಾಬ್ಸ್ ಮುಂತಾದ ಕಡೆ ಮೊದಲ ಫೈರ್‌ವಾಲ್‌ಗಳು ರೂಪುಗೊಂಡಾಗ ನಿಯಮಗಳು ಬಹುಪಾಲು ಅಂಕಿಗಳಲ್ಲೇ ಇದ್ದವು. ಇಂಥ ಐಪಿ ವಿಳಾಸದಿಂದ ಇಂಥ ಐಪಿ ವಿಳಾಸಕ್ಕೆ ಹೋಗಬಹುದು, ಮಿಕ್ಕಿದ್ದು ಬೇಡ. ಹತ್ತು ನಿಯಮಗಳಿದ್ದಾಗ ಇದು ನಡೆಯುತ್ತದೆ. ನಿಯಮಗಳು ಮುನ್ನೂರಾದಾಗ ಅಂಕಿಗಳ ಆ ಸಾಲುಗಳನ್ನು ಓದಿ ಅರ್ಥ ಮಾಡಿಕೊಳ್ಳುವುದು ಬರೆದವರಿಗೇ ಕಷ್ಟ. ಹಾಗಾಗಿ ವಿಳಾಸಗಳಿಗೆ ಹೆಸರಿಡುವ ಪದ್ಧತಿ ಬಂತು. ಇಸ್ರೇಲಿನ ಚೆಕ್ ಪಾಯಿಂಟ್ ಕಂಪನಿ 1994ರಲ್ಲಿ ತಂದ ಫೈರ್‌ವಾಲ್-1, ಹೆಸರಿಟ್ಟ ವಸ್ತುಗಳನ್ನು ಪರದೆಯ ಮೇಲೆ ಆರಿಸಿ ನಿಯಮ ಕಟ್ಟುವುದನ್ನು ಜನಪ್ರಿಯಗೊಳಿಸಿತು. ಇಂದು ಸಿಸ್ಕೊ ಫೈರ್‌ವಾಲ್‌ಗಳಲ್ಲಿ ಇವಕ್ಕೆ ಆಬ್ಜೆಕ್ಟ್ ಎನ್ನುತ್ತಾರೆ. ಜುನಿಪರ್‌ನಲ್ಲಿ ಅಡ್ರೆಸ್ ಬುಕ್ ಇದೆ, ಲಿನಕ್ಸ್‌ನಲ್ಲಿ ಸೆಟ್ ಇದೆ, ಪಿಎಫ್‌ಸೆನ್ಸ್ ಎಂಬ ಮುಕ್ತ ಫೈರ್‌ವಾಲ್‌ನಲ್ಲಿ ಅಲಿಯಾಸ್ ಇದೆ. ಎಲ್ಲವೂ ಮಾಡುವ ಕೆಲಸ ಒಂದೇ: ವಿಳಾಸಗಳ ಒಂದು ಗುಂಪಿಗೆ ಹೆಸರಿಟ್ಟು, ನಿಯಮಗಳಲ್ಲಿ ವಿಳಾಸದ ಬದಲು ಆ ಹೆಸರನ್ನು ಬರೆಯುವುದು.

ಇದರ ಲಾಭ ದೊಡ್ಡದು. ಸರ್ವರ್‌ನ ವಿಳಾಸ ಬದಲಾದರೆ ಮುನ್ನೂರು ನಿಯಮಗಳನ್ನು ತಡಕಾಡಬೇಕಿಲ್ಲ, ಹೆಸರಿನ ಹಿಂದಿರುವ ಅಂಕಿಯನ್ನು ಒಂದೇ ಕಡೆ ತಿದ್ದಿದರೆ ಸಾಕು. ಆದರೆ ಇದೇ ಅನುಕೂಲ ಹೊಸದೊಂದು ಹೊಣೆಯನ್ನೂ ಹೊರಿಸಿತು. ಈಗ ನಿಯಮಗಳು ನೇರವಾಗಿ ವಿಳಾಸವನ್ನು ಹಿಡಿದಿಲ್ಲ, ಹೆಸರನ್ನು ಹಿಡಿದಿವೆ. ಆ ಹೆಸರೇ ಬದಲಾದರೆ?

ಒಂದು ಕಾಲೇಜಿನ ಜಾಲವನ್ನು ಊಹಿಸಿಕೊಳ್ಳೋಣ. ಗ್ರಂಥಾಲಯದ ಪುಸ್ತಕಪಟ್ಟಿ 192.168.10.25 ಎಂಬ ವಿಳಾಸದ ಸರ್ವರ್‌ನಲ್ಲಿದೆ, ಅದರ ಜೋಡಿ ಸರ್ವರ್ 192.168.10.26ರಲ್ಲಿದೆ. ಎರಡನ್ನೂ ಸೇರಿಸಿ ‘ಗ್ರಂಥಾಲಯ’ ಎಂಬ ಅಲಿಯಾಸ್ ಮಾಡಲಾಗಿದೆ. (ನಿಜದಲ್ಲಿ ಪಿಎಫ್‌ಸೆನ್ಸ್‌ನಂಥ ಕಡೆ ಈ ಹೆಸರು ರೋಮನ್ ಅಕ್ಷರ, ಅಂಕಿ, ಅಡಿಗೆರೆಗಳಲ್ಲೇ ಇರಬೇಕು, 31 ಅಕ್ಷರ ಮೀರುವಂತಿಲ್ಲ. ಓದುವುದಕ್ಕೆ ಸಲೀಸಾಗಲೆಂದು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.) ಈ ಹೆಸರು ಹಲವು ಕಡೆ ಬಳಕೆಯಲ್ಲಿದೆ. ಕಂಪ್ಯೂಟರ್ ಲ್ಯಾಬಿನಿಂದ ಗ್ರಂಥಾಲಯಕ್ಕೆ ಹೋಗಬಹುದು ಎಂಬ ನಿಯಮದಲ್ಲಿದೆ. ಗ್ರಂಥಾಲಯದ ಸರ್ವರ್‌ಗಳು ತಾವಾಗಿ ಇಂಟರ್‌ನೆಟ್ಟಿಗೆ ಹೋಗಕೂಡದು ಎಂಬ ತಡೆಯಲ್ಲಿದೆ. ಮನೆಯಿಂದ ಪುಸ್ತಕ ಹುಡುಕುವವರಿಗಾಗಿ ಮಾಡಿದ ಪೋರ್ಟ್ ಫಾರ್ವರ್ಡ್‌ನಲ್ಲಿದೆ. ‘ಎಲ್ಲಸರ್ವರ್’ ಎಂಬ ಇನ್ನೊಂದು ಅಲಿಯಾಸ್‌ನ ಹೊಟ್ಟೆಯಲ್ಲೂ ಇದೆ. ಕೆಲವು ವರ್ಷಗಳ ನಂತರ ಕಾಲೇಜು ಡಿಜಿಟಲ್ ಪುಸ್ತಕಗಳಿಗಾಗಿ ಹೊಸ ಸರ್ವರ್ ತರಿಸುತ್ತದೆ. ‘ಗ್ರಂಥಾಲಯ’ ಎಂಬ ಹೆಸರು ಅದಕ್ಕೇ ಸರಿ, ಹಳೆಯದನ್ನು ‘ಪುಸ್ತಕಪಟ್ಟಿ’ ಎಂದು ಕರೆಯೋಣ ಎಂದು ತೀರ್ಮಾನವಾಗುತ್ತದೆ. ಬಹಳ ಸಹಜವಾದ ತೀರ್ಮಾನ. ಅಲಿಯಾಸ್‌ನ ಪುಟ ತೆರೆದು ಹೆಸರು ತಿದ್ದಿ ಉಳಿಸುವುದಕ್ಕೆ ಅರ್ಧ ನಿಮಿಷವೂ ಬೇಡ.

ಆ ಅರ್ಧ ನಿಮಿಷದಲ್ಲಿ ನಿಯಮಗಳು ಏನಾಗುತ್ತವೆ ಎಂಬುದು ಆ ಫೈರ್‌ವಾಲನ್ನು ಬರೆದವರು ಎಷ್ಟು ಮುಂದಾಲೋಚನೆ ಮಾಡಿದ್ದರು ಎಂಬುದರ ಮೇಲೆ ನಿಂತಿದೆ.

ಹೆಸರು ಬದಲಾಗಿ ನಿಯಮ ಮಾತ್ರ ಹಳೆಯ ಹೆಸರನ್ನೇ ಹಿಡಿದುಕೊಂಡಿದೆ, ಆ ಹೆಸರಿನದು ಈಗ ಏನೂ ಇಲ್ಲ ಎಂದಿಟ್ಟುಕೊಳ್ಳಿ. ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್‌ಗಾಗಿ ಡೇನಿಯಲ್ ಹಾರ್ಟ್‌ಮಯರ್ 2001ರಲ್ಲಿ ಬರೆದ ಪಿಎಫ್ ಎಂಬ ಫೈರ್‌ವಾಲ್ ಇದೆ. ಅದರ ನಿಯಮಗಳ ಕಡತದಲ್ಲಿ ಏನೆಂದು ಎಲ್ಲೂ ಹೇಳದ ಮ್ಯಾಕ್ರೊ (ಅಲಿಯಾಸ್‌ನಂಥದ್ದೇ ಹೆಸರು) ಒಂದು ಬಂದರೆ ಅದು ಇಡೀ ಕಡತವನ್ನೇ ತಿರಸ್ಕರಿಸುತ್ತದೆ, ಮೊದಲಿದ್ದ ನಿಯಮಗಳನ್ನು ಹಾಗೆಯೇ ನಡೆಸಿಕೊಂಡು ಹೋಗುತ್ತದೆ. ಇದು ಒಳ್ಳೆಯ ನಡವಳಿಕೆ. ಆದರೆ ಇದರಲ್ಲೂ ಒಂದು ಅಪಾಯ ಅಡಗಿದೆ. ಹಳೆಯ ನಿಯಮಗಳು ನಡೆಯುತ್ತಲೇ ಇರುವುದರಿಂದ, ತಪ್ಪಿನ ಸಂದೇಶವನ್ನು ಗಮನಿಸದಿದ್ದರೆ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ತಿಂಗಳ ನಂತರ ಕರೆಂಟ್ ಹೋಗಿ ಯಂತ್ರ ಮತ್ತೆ ಶುರುವಾದಾಗ ಹಿಂದಿನ ನಿಯಮಗಳು ನೆನಪಿನಲ್ಲಿರುವುದಿಲ್ಲ, ಹೊಸ ಕಡತ ಲೋಡ್ ಆಗುವುದಿಲ್ಲ. ಓಪನ್‌ಬಿಎಸ್‌ಡಿಯವರು ಇದನ್ನೂ ಯೋಚಿಸಿದ್ದಾರೆ. ಯಂತ್ರ ಏಳುವಾಗ ಮೊದಲು ಬಹುತೇಕ ಎಲ್ಲವನ್ನೂ ತಡೆಯುವ, ದೂರದಿಂದ ಲಾಗಿನ್ ಆಗುವಂಥ ಕೆಲವೇ ಅಗತ್ಯಗಳಿಗೆ ದಾರಿ ಬಿಡುವ ಪುಟ್ಟ ನಿಯಮಾವಳಿಯೊಂದನ್ನು ಹಾಕಿ, ಆಮೇಲೆ ನಮ್ಮ ಕಡತವನ್ನು ಓದುತ್ತದೆ. ನಮ್ಮ ಕಡತ ಕೆಟ್ಟಿದ್ದರೆ ಜಾಲ ನಿಲ್ಲುತ್ತದೆಯೇ ಹೊರತು ಬಯಲಾಗುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಸಿಸ್ಕೊ ರೌಟರ್‌ಗಳ ಐಒಎಸ್. ಅಲ್ಲಿ ನಿಯಮಗಳ ಪಟ್ಟಿಗೆ ಆಕ್ಸೆಸ್ ಲಿಸ್ಟ್ ಎನ್ನುತ್ತಾರೆ. ಪಟ್ಟಿಗೊಂದು ಹೆಸರು ಕೊಟ್ಟು, ಇಂಥ ಇಂಟರ್‌ಫೇಸ್‌ಗೆ ಇಂಥ ಪಟ್ಟಿ ಎಂದು ಬರೆಯಬೇಕು. ಪಟ್ಟಿಯನ್ನು ಅಳಿಸಿ ಹೊಸ ಹೆಸರಿನಲ್ಲಿ ಬರೆದು, ಇಂಟರ್‌ಫೇಸ್‌ನಲ್ಲಿ ಹೆಸರು ತಿದ್ದುವುದನ್ನು ಮರೆತರೆ, ಇಂಟರ್‌ಫೇಸ್ ಈಗ ಇಲ್ಲದ ಪಟ್ಟಿಯನ್ನು ಹಿಡಿದುಕೊಂಡಿರುತ್ತದೆ. ಇಲ್ಲದ ಪಟ್ಟಿ ಎಂದರೆ ಎಲ್ಲವನ್ನೂ ಬಿಡು ಎಂದು ಐಒಎಸ್ ಅರ್ಥ ಮಾಡಿಕೊಳ್ಳುತ್ತದೆ. ದೋಷದ ಸಂದೇಶವಿಲ್ಲ, ನಿಂತುಹೋದ ಸೇವೆಯಿಲ್ಲ, ಬಳಕೆದಾರರ ದೂರಿಲ್ಲ. ಎಲ್ಲರಿಗೂ ಎಲ್ಲವೂ ತಲುಪುತ್ತಿರುವಾಗ ದೂರು ಕೊಡುವವರಾರು? ಆಮೇಲೊಂದು ದಿನ ಯಾರೋ ಆ ಹಳೆಯ ಹೆಸರಿನಲ್ಲಿ ಒಂದೇ ಒಂದು ಸಾಲು ಬರೆದರೆ ಪಟ್ಟಿ ಮತ್ತೆ ಹುಟ್ಟುತ್ತದೆ. ಪ್ರತಿ ಪಟ್ಟಿಯ ಕೊನೆಗೂ ‘ಮಿಕ್ಕಿದ್ದೆಲ್ಲ ತಡೆ’ ಎಂಬ ಕಾಣದ ಸಾಲು ಇರುವುದರಿಂದ, ಬಯಲಾಗಿದ್ದ ಜಾಲ ಆ ಕ್ಷಣವೇ ಮುಚ್ಚಿಕೊಳ್ಳುತ್ತದೆ. ದೂರದಿಂದ ಕೆಲಸ ಮಾಡುತ್ತಿದ್ದವರ ಸಂಪರ್ಕವೇ ಕಡಿದುಹೋಗುವುದುಂಟು.

ಎರಡರ ನಡುವಿನ ದಾರಿ ಪಿಎಫ್‌ಸೆನ್ಸ್‌ನದು. ನಿಯಮವೊಂದರಲ್ಲಿರುವ ಅಲಿಯಾಸ್ ಸಿಗದಿದ್ದರೆ ಅದು ಆ ಒಂದು ನಿಯಮವನ್ನು ಕೈಬಿಟ್ಟು, ಎಚ್ಚರಿಕೆಯ ಸಂದೇಶ ಹಾಕಿ, ಉಳಿದವನ್ನು ಲೋಡ್ ಮಾಡುತ್ತದೆ. ಇದು ಸರಿಯೋ ತಪ್ಪೋ ಎಂಬುದು ಕೈಬಿಟ್ಟ ನಿಯಮ ಯಾವುದು ಎಂಬುದನ್ನು ಅವಲಂಬಿಸಿದೆ. ಲ್ಯಾಬಿನಿಂದ ಗ್ರಂಥಾಲಯಕ್ಕೆ ಹೋಗಬಹುದು ಎಂಬ ನಿಯಮ ಬಿದ್ದುಹೋದರೆ ವಿದ್ಯಾರ್ಥಿಗಳು ಗಲಾಟೆ ಮಾಡುತ್ತಾರೆ, ಅರ್ಧ ಗಂಟೆಯಲ್ಲಿ ಸಂಗತಿ ಗೊತ್ತಾಗುತ್ತದೆ. ಗ್ರಂಥಾಲಯದ ಸರ್ವರ್ ಇಂಟರ್‌ನೆಟ್ಟಿಗೆ ಹೋಗಕೂಡದು ಎಂಬ ತಡೆ ಬಿದ್ದುಹೋದರೆ ಅದರ ಕೆಳಗಿರುವ ಯಾವುದೋ ಉದಾರ ನಿಯಮ ಆ ಸರ್ವರನ್ನು ಹೊರಗೆ ಬಿಡುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಇದು ಫೈರ್‌ವಾಲ್‌ಗಳ ವಿಚಿತ್ರ ಅಸಮತೋಲನ: ಅನುಮತಿ ಕಳೆದುಹೋದರೆ ಊರೆಲ್ಲ ಸುದ್ದಿ, ತಡೆ ಕಳೆದುಹೋದರೆ ಮೌನ.

ಹೆಸರು ಇದ್ದು ಅದರೊಳಗೆ ಏನೂ ಇಲ್ಲದಿರುವ ಸ್ಥಿತಿಗೂ ಇದೇ ತರ್ಕ. ಖಾಲಿ ಗುಂಪಿಗೆ ಅನುಮತಿ ಎಂದರೆ ಯಾರಿಗೂ ಅನುಮತಿಯಿಲ್ಲ. ಖಾಲಿ ಗುಂಪಿಗೆ ತಡೆ ಎಂದರೆ ಯಾರಿಗೂ ತಡೆಯಿಲ್ಲ. ‘ಈ ಗುಂಪಿನಲ್ಲಿ ಇಲ್ಲದವರಿಗೆಲ್ಲ ಅನುಮತಿ’ ಎಂಬಂಥ ನಕಾರದ ನಿಯಮಗಳನ್ನು ಬಹಳ ಮಂದಿ ಬರೆಯುತ್ತಾರೆ, ಯಾಕೆಂದರೆ ಅವು ಚುಟುಕಾಗಿರುತ್ತವೆ. ಗುಂಪು ಖಾಲಿಯಾದ ದಿನ ಅದು ಎಲ್ಲರಿಗೂ ಅನುಮತಿ ಎಂದಾಗುತ್ತದೆ. ನಕಾರದ ನಿಯಮಗಳನ್ನು ಆದಷ್ಟು ದೂರವಿಡಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಇವೆಲ್ಲಕ್ಕಿಂತ ಕೆಟ್ಟದ್ದು ನಮ್ಮ ಕಾಲೇಜಿನ ಕಥೆಯ ಕೊನೆಯಲ್ಲಿದೆ. ಹಳೆಯ ‘ಗ್ರಂಥಾಲಯ’ವನ್ನು ‘ಪುಸ್ತಕಪಟ್ಟಿ’ ಮಾಡಿದ ಮೇಲೆ, ‘ಗ್ರಂಥಾಲಯ’ ಎಂಬ ಹೆಸರನ್ನು ಹೊಸ ಸರ್ವರ್‌ಗೆ ಇಟ್ಟರು. ಎಲ್ಲೋ ಒಂದು ನಿಯಮದಲ್ಲಿ ಹಳೆಯ ಹೆಸರು ಉಳಿದುಕೊಂಡಿತ್ತು ಎನ್ನಿ. ಈಗ ಆ ಹೆಸರು ಇದೆ, ಅದರೊಳಗೆ ವಿಳಾಸವೂ ಇದೆ, ಯಂತ್ರಕ್ಕೆ ಅನುಮಾನ ಬರಲು ಕಾರಣವೇ ಇಲ್ಲ. ನಿಯಮ ಸುಗಮವಾಗಿ ಬೇರೊಂದು ಸರ್ವರ್‌ಗೆ ಅನ್ವಯವಾಗುತ್ತದೆ. ಮುರಿದ ಉಲ್ಲೇಖವನ್ನು ಹುಡುಕುವ ಯಾವ ಪರೀಕ್ಷೆಯೂ ಇದನ್ನು ಹಿಡಿಯಲಾರದು, ಯಾಕೆಂದರೆ ಇಲ್ಲಿ ಯಾವುದೂ ಮುರಿದಿಲ್ಲ. ಬಿಟ್ಟ ಹೆಸರನ್ನು ಕೂಡಲೇ ಬೇರೆಯದಕ್ಕೆ ಇಡಬಾರದು ಎಂಬ ಎಚ್ಚರ ಅನುಭವಿ ಜಾಲ ನಿರ್ವಾಹಕರಲ್ಲಿರುವುದು ಇದಕ್ಕೇ.

ಹಾಗಿದ್ದರೆ ಹೆಸರು ಬದಲಿಸಿದ ಕೂಡಲೇ ಅದು ಬಳಕೆಯಾದ ಕಡೆಯೆಲ್ಲ ಯಂತ್ರವೇ ತಿದ್ದಿಬಿಡಬಾರದೆ? ಒಳ್ಳೆಯ ಫೈರ್‌ವಾಲ್‌ಗಳು ಅದನ್ನೇ ಮಾಡುತ್ತವೆ. ಪಿಎಫ್‌ಸೆನ್ಸ್‌ನ ಹಿನ್ನೆಲೆ ಇಲ್ಲಿ ಪ್ರಸ್ತುತ. ಸ್ವಿಟ್ಜರ್ಲೆಂಡಿನ ಮ್ಯಾನುಯೆಲ್ ಕ್ಯಾಸ್ಪರ್ 2003ರಲ್ಲಿ ಮೋನೋವಾಲ್ ಎಂಬ ಪುಟ್ಟ ಮುಕ್ತ ಫೈರ್‌ವಾಲ್ ಹೊರತಂದರು. ಯಂತ್ರದ ಸಮಸ್ತ ಸಂರಚನೆಯನ್ನೂ ಒಂದೇ ಎಕ್ಸ್‌ಎಂಎಲ್ ಕಡತದಲ್ಲಿ ಇಡುವ ಪದ್ಧತಿ ಅದರದು. 2004ರಲ್ಲಿ ಅದರಿಂದ ಕವಲೊಡೆದ ಪಿಎಫ್‌ಸೆನ್ಸ್ ಕೂಡ, ಪಿಎಫ್‌ಸೆನ್ಸ್‌ನಿಂದ ಕವಲೊಡೆದು 2015ರಲ್ಲಿ ಹೊರಬಂದ ಒಪಿಎನ್‌ಸೆನ್ಸ್ ಕೂಡ ಆ ಪದ್ಧತಿಯನ್ನು ಉಳಿಸಿಕೊಂಡವು. ಆ ಕಡತದಲ್ಲಿ ನಿಯಮಗಳು ಅಲಿಯಾಸನ್ನು ಹೆಸರಿನಿಂದಲೇ ಗುರುತಿಸುತ್ತವೆ. ಹಾಗಾಗಿ ಅಲಿಯಾಸ್‌ನ ಹೆಸರು ತಿದ್ದಿದಾಗ ಪ್ರೋಗ್ರಾಂ ಆ ಕಡತವನ್ನೆಲ್ಲ ಸುತ್ತಿ ಬರಬೇಕು. ನಿಯಮಗಳ ಮೂಲ ವಿಳಾಸ, ಗಮ್ಯ ವಿಳಾಸ, ಎರಡರ ಪೋರ್ಟ್‌ಗಳು, ಪೋರ್ಟ್ ಫಾರ್ವರ್ಡ್, ಹೊರಹೋಗುವ ವಿಳಾಸ ಪರಿವರ್ತನೆ, ಸ್ಟ್ಯಾಟಿಕ್ ರೂಟ್‌ಗಳು, ಮತ್ತೊಂದು ಅಲಿಯಾಸ್‌ನ ಒಳಗೆ ಕೂತ ಅಲಿಯಾಸ್. ಹಳೆಯ ಹೆಸರು ಕಂಡಲ್ಲೆಲ್ಲ ಹೊಸದನ್ನು ಬರೆಯಬೇಕು.

ಹೇಳಿದಷ್ಟು ಸುಲಭದ ಕೆಲಸ ಇದಲ್ಲ. ಮೊದಲ ತೊಡಕು, ಎಲ್ಲೆಲ್ಲಿ ಹುಡುಕಬೇಕು ಎಂಬ ಪಟ್ಟಿಯನ್ನು ಪ್ರೋಗ್ರಾಂ ಬರೆದವರೇ ತಯಾರಿಸಬೇಕು. ಆರು ತಿಂಗಳ ನಂತರ ಇನ್ಯಾರೋ ಫೈರ್‌ವಾಲ್‌ಗೆ ಹೊಸದೊಂದು ಸೌಲಭ್ಯ ಸೇರಿಸಿ, ಅಲ್ಲಿಯೂ ಅಲಿಯಾಸ್ ಬಳಸಬಹುದು ಎಂದು ಮಾಡುತ್ತಾರೆ. ಹುಡುಕುವ ಪಟ್ಟಿಗೆ ಆ ಜಾಗವನ್ನು ಸೇರಿಸಲು ಅವರು ಮರೆತರೆ ಅಂದಿನಿಂದ ಪ್ರತಿ ಮರುನಾಮಕರಣವೂ ಅಲ್ಲಿ ಒಂದು ಅನಾಥ ಉಲ್ಲೇಖವನ್ನು ಬಿಟ್ಟುಹೋಗುತ್ತದೆ. ಹೊಸ ಸೌಲಭ್ಯ ಸರಿಯಾಗಿಯೇ ಕೆಲಸ ಮಾಡುತ್ತದೆ, ಮರುನಾಮಕರಣವೂ ಸರಿಯಾಗಿಯೇ ಕೆಲಸ ಮಾಡುತ್ತದೆ. ದೋಷ ಇರುವುದು ಎರಡರ ನಡುವಿನ ಸಂದಿಯಲ್ಲಿ. ಎರಡನೆಯ ತೊಡಕು ಅಕ್ಷರಗಳದು. ‘ವೆಬ್’ ಎಂಬ ಅಲಿಯಾಸನ್ನು ‘ಮುಖಪುಟ’ ಎಂದು ಬದಲಿಸುವಾಗ ಪ್ರೋಗ್ರಾಂ ಕುರುಡಾಗಿ ಅಕ್ಷರಗಳನ್ನಷ್ಟೇ ಹುಡುಕಿದರೆ ‘ವೆಬ್‌ಮೇಲ್’ ಎಂಬ ಇನ್ನೊಂದು ಅಲಿಯಾಸ್ ‘ಮುಖಪುಟಮೇಲ್’ ಆಗಿಬಿಡುತ್ತದೆ. ಪೂರ್ತಿ ಪದ ಹೊಂದಿದಾಗ ಮಾತ್ರ ಬದಲಿಸಬೇಕು. ನಿಯಮದ ವಿವರಣೆಯಲ್ಲಿ ನಿರ್ವಾಹಕರು ಬರೆದ ಮಾತಿನಲ್ಲಿ ಅದೇ ಪದ ಬಂದಿದ್ದರೆ ಅದನ್ನು ಮುಟ್ಟಬಾರದು. ಅದು ಉಲ್ಲೇಖವಲ್ಲ, ಬರೀ ಮಾತು.

ಈ ಸಮಸ್ಯೆ ಫೈರ್‌ವಾಲ್‌ಗಳಿಗಿಂತ ಹಳೆಯದು. ಐಬಿಎಂನಲ್ಲಿದ್ದ ಗಣಿತಜ್ಞ ಎಡ್ಗರ್ ಕಾಡ್ 1970ರಲ್ಲಿ ರಿಲೇಷನಲ್ ಡೇಟಾಬೇಸ್‌ನ ಕಲ್ಪನೆಯನ್ನು ಮುಂದಿಟ್ಟ ಪ್ರಬಂಧದಲ್ಲೇ ಫಾರಿನ್ ಕೀ ಎಂಬ ವಿಚಾರವಿದೆ. ಒಂದು ಕೋಷ್ಟಕದ ಸಾಲು ಇನ್ನೊಂದು ಕೋಷ್ಟಕದ ಸಾಲನ್ನು ಹೆಸರಿಸುವ ಬಗೆ ಅದು. ಹಾಗೆ ಹೆಸರಿಸಿದ್ದು ನಿಜಕ್ಕೂ ಇರಲೇಬೇಕು ಎಂಬ ಕಟ್ಟುಪಾಡಿಗೆ ಮುಂದೆ ಉಲ್ಲೇಖ ಸಮಗ್ರತೆ ಎಂಬ ಹೆಸರು ಬಂತು, ಅದು ಎಸ್‌ಕ್ಯುಎಲ್ ಭಾಷೆಯ ಮಾನಕಗಳನ್ನು ಸೇರಿತು. ಮೂಲ ಸಾಲು ಅಳಿದರೆ ಏನು ಮಾಡಬೇಕು ಎಂಬುದಕ್ಕೆ ಡೇಟಾಬೇಸ್‌ನವರು ಕೆಲವು ಸ್ಪಷ್ಟ ಆಯ್ಕೆಗಳನ್ನು ಕೊಡುತ್ತಾರೆ. ಬಳಕೆಯಲ್ಲಿದ್ದರೆ ಅಳಿಸಲು ಬಿಡಬೇಡ ಎನ್ನಬಹುದು. ಅದನ್ನು ಹಿಡಿದಿರುವ ಸಾಲುಗಳನ್ನೂ ಜೊತೆಗೇ ಅಳಿಸು ಎನ್ನಬಹುದು. ಅಥವಾ ಆ ಉಲ್ಲೇಖದ ಜಾಗವನ್ನು ಖಾಲಿ ಮಾಡು ಎನ್ನಬಹುದು.

ಮೂರನೆಯದರ ಮೇಲೆ ಸ್ವಲ್ಪ ನಿಲ್ಲಬೇಕು. ಲೆಕ್ಕಪತ್ರದ ಡೇಟಾಬೇಸ್‌ನಲ್ಲಿ ಖಾಲಿ ಎಂದರೆ ‘ಗೊತ್ತಿಲ್ಲ’ ಎಂದರ್ಥ, ಅಂಥ ಹಾನಿಯೇನಿಲ್ಲ. ಫೈರ್‌ವಾಲ್‌ನ ಭಾಷೆಯಲ್ಲಿ ಖಾಲಿ ಬಿಟ್ಟ ಜಾಗಕ್ಕೆ ಬೇರೆಯೇ ಅರ್ಥ. ಲಿನಕ್ಸ್‌ನ ಐಪಿಟೇಬಲ್ಸ್‌ನಲ್ಲಿ ನಿಯಮ ಬರೆಯುವಾಗ ಮೂಲ ವಿಳಾಸ ಹೇಳದಿದ್ದರೆ ‘ಎಲ್ಲಿಂದಲಾದರೂ ಸರಿ’ ಎಂದರ್ಥ. ಡೇಟಾಬೇಸ್‌ನಿಂದ ಕಲಿತ ಪದ್ಧತಿಯನ್ನು ಯೋಚಿಸದೆ ತಂದರೆ, ‘ಗ್ರಂಥಾಲಯದಿಂದ ಬರುವವರಿಗೆ ಅನುಮತಿ’ ಎಂಬ ನಿಯಮ ‘ಎಲ್ಲರಿಗೂ ಅನುಮತಿ’ ಆಗುತ್ತದೆ. ಒಂದು ಕ್ಷೇತ್ರದ ಅಪಾಯವಿಲ್ಲದ ಆಯ್ಕೆ ಇನ್ನೊಂದು ಕ್ಷೇತ್ರದಲ್ಲಿ ಅನಾಹುತ. ಫೈರ್‌ವಾಲ್‌ಗೆ ಒಪ್ಪುವುದು ಮೊದಲನೆಯ ಆಯ್ಕೆಯೇ: ಬಳಕೆಯಲ್ಲಿರುವುದನ್ನು ಅಳಿಸಲು ಬಿಡಬಾರದು. ಪಿಎಫ್‌ಸೆನ್ಸ್ ಈ ವಿಷಯದಲ್ಲಿ ಕಟ್ಟುನಿಟ್ಟು, ಎಲ್ಲಿ ಬಳಕೆಯಲ್ಲಿದೆ ಎಂದು ಹೇಳಿ ನಿರಾಕರಿಸುತ್ತದೆ. ಲಿನಕ್ಸ್‌ನ ಐಪಿಸೆಟ್ ಕೂಡ ನಿಯಮಗಳು ಹಿಡಿದಿರುವ ಸೆಟ್ಟನ್ನು ನಾಶ ಮಾಡಲು ಒಪ್ಪುವುದಿಲ್ಲ.

ಉಲ್ಲೇಖವನ್ನು ಹೆಸರಿನ ಮೇಲೆ ನಿಲ್ಲಿಸದೆಯೇ ಇರಬಹುದು ಎಂಬುದು ಇನ್ನೂ ಆಳವಾದ ಪರಿಹಾರ. ಕರ್ನಾಟಕದವರಿಗೆ ಇದರ ಒಳ್ಳೆಯ ಉದಾಹರಣೆ ರೈಲ್ವೆಯಲ್ಲಿ ಸಿಗುತ್ತದೆ. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿ ಸೇರಿದಂತೆ ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಕನ್ನಡದ ಉಚ್ಚಾರಕ್ಕೆ ತಕ್ಕಂತೆ ಬದಲಾದವು. ಬೆಂಗಳೂರು ನಗರ ರೈಲು ನಿಲ್ದಾಣ ಆಮೇಲೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರನ್ನು ಪಡೆಯಿತು. ಆದರೆ ಟಿಕೆಟ್ ವ್ಯವಸ್ಥೆಯಲ್ಲಿ ಅದರ ಸಂಕೇತ ಇಂದಿಗೂ ಎಸ್‌ಬಿಸಿ, ಹುಬ್ಬಳ್ಳಿಯದು ಯುಬಿಎಲ್. ಫಲಕಗಳ ಮೇಲಿನ ಬರಹ ಜನರಿಗಾಗಿ, ಅದು ಬದಲಾಗಬಹುದು. ಕಂಪ್ಯೂಟರುಗಳು ಪರಸ್ಪರ ಮಾತಾಡುವುದು ಸಂಕೇತದಲ್ಲಿ, ಇಲ್ಲಿ ಅದು ಬದಲಾಗಲಿಲ್ಲ.

ಇದೇ ಉಪಾಯ ಫೈರ್‌ವಾಲ್‌ಗಳಲ್ಲೂ ಇದೆ. ಚೆಕ್ ಪಾಯಿಂಟ್‌ನ ಈಗಿನ ನಿರ್ವಹಣಾ ವ್ಯವಸ್ಥೆಯಲ್ಲಿ ಪ್ರತಿ ವಸ್ತುವಿಗೂ ಹುಟ್ಟುವಾಗಲೇ ಒಂದು ಅನನ್ಯ ಗುರುತು ಸಂಖ್ಯೆ ಸಿಗುತ್ತದೆ. ಹೆಸರು ಬದಲಿಸಿದರೆ ನಿಯಮಗಳ ಪರದೆಯಲ್ಲಿ ಹೊಸ ಹೆಸರು ತಾನಾಗಿ ಕಾಣುತ್ತದೆ. ಅಮೆಜಾನ್ ಕ್ಲೌಡ್‌ನ ಸೆಕ್ಯುರಿಟಿ ಗ್ರೂಪ್‌ಗಳಿಗೂ ಅಂಥ ಗುರುತು ಇದೆ, ನಿಯಮಗಳು ಅದನ್ನೇ ಹಿಡಿಯುತ್ತವೆ. ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಮ್ಮೆ ಇಟ್ಟ ಗ್ರೂಪ್ ಹೆಸರನ್ನು ಬದಲಿಸಲು ಅವಕಾಶವನ್ನೇ ಕೊಟ್ಟಿಲ್ಲ. ಇಷ್ಟಾದರೂ ಕೊಂಡಿ ಕಳಚುವುದುಂಟು. ಎರಡು ಬೇರೆ ಬೇರೆ ಜಾಲಗಳನ್ನು ಜೋಡಿಸಿ, ಒಂದರ ನಿಯಮ ಇನ್ನೊಂದರ ಗ್ರೂಪನ್ನು ಹೆಸರಿಸಿದ್ದಾಗ, ಆ ಇನ್ನೊಂದು ಗ್ರೂಪ್ ಅಳಿದರೆ ನಿಯಮ ಉಳಿದುಕೊಳ್ಳುತ್ತದೆ. ಅಂಥದ್ದನ್ನು ಅಮೆಜಾನ್ ಹಳಸಿದ ನಿಯಮ ಎಂದು ಗುರುತು ಮಾಡಿ ತೋರಿಸುತ್ತದೆ, ತೆಗೆಯುವ ಕೆಲಸ ನಮ್ಮದು.

ಲಿನಕ್ಸ್‌ನ ಐಪಿಸೆಟ್‌ನಲ್ಲಿ ನನಗೆ ಬಹಳ ಹಿಡಿಸಿದ ಒಂದು ಆಜ್ಞೆಯಿದೆ, ಸ್ವಾಪ್. ನಿಯಮ ಬರೆದಾಗ ನಾವು ಸೆಟ್‌ನ ಹೆಸರು ಕೊಟ್ಟರೂ ಕರ್ನೆಲ್ ಒಳಗಡೆ ಅದರ ಕ್ರಮಸಂಖ್ಯೆಯನ್ನಷ್ಟೇ ಇಟ್ಟುಕೊಳ್ಳುತ್ತದೆ. ಸಾವಿರಾರು ವಿಳಾಸಗಳ ತಡೆಪಟ್ಟಿಯನ್ನು ಹೊಸದಾಗಿ ಕಟ್ಟಬೇಕಾದಾಗ, ನಡೆಯುತ್ತಿರುವ ಸೆಟ್ಟನ್ನು ಖಾಲಿ ಮಾಡಿ ತುಂಬಿಸಿದರೆ ನಡುವೆ ಕೆಲವು ಕ್ಷಣ ತಡೆಯೇ ಇರುವುದಿಲ್ಲ. ಅದರ ಬದಲು ಪಕ್ಕದಲ್ಲಿ ಇನ್ನೊಂದು ಹೆಸರಿನ ಸೆಟ್ ಕಟ್ಟಿ, ಪೂರ್ತಿ ತುಂಬಿದ ಮೇಲೆ ಎರಡನ್ನೂ ಅದಲುಬದಲು ಮಾಡುತ್ತಾರೆ. ಒಂದು ಪ್ಯಾಕೆಟ್ ಹಳೆಯ ಪಟ್ಟಿಯನ್ನು ಕಂಡರೆ ಮುಂದಿನದು ಹೊಸದನ್ನು ಕಾಣುತ್ತದೆ. ಅರೆಬರೆ ತುಂಬಿದ ಪಟ್ಟಿಯನ್ನು ಯಾವ ಪ್ಯಾಕೆಟ್ಟೂ ಕಾಣುವುದಿಲ್ಲ. ಪಿಎಫ್ ಸಹ ಹೊಸ ನಿಯಮಾವಳಿಯನ್ನೆಲ್ಲ ಬದಿಗೆ ಕಟ್ಟಿಕೊಂಡು ಒಂದೇ ಏಟಿಗೆ ಜಾರಿ ಮಾಡುತ್ತದೆ. ಮರುನಾಮಕರಣಕ್ಕೂ ಇದು ಮುಖ್ಯ. ಐದು ಕಡೆ ಹೆಸರು ಬದಲಾಗಬೇಕಿದ್ದರೆ ಐದೂ ಒಟ್ಟಿಗೆ ಬದಲಾಗಬೇಕು. ಮೂರು ಬದಲಾಗಿ ಎರಡು ಉಳಿದ ಸ್ಥಿತಿಯಲ್ಲಿ ಯಂತ್ರ ಒಂದು ಕ್ಷಣವೂ ಕೆಲಸ ಮಾಡಬಾರದು.

ಇಷ್ಟೊತ್ತು ಹೆಸರು ಬದಲಾಗುವ ಮಾತಾಯಿತು. ಹೆಸರು ಹಾಗೆಯೇ ಇದ್ದು ಅದರ ಅರ್ಥ ಬದಲಾಗುವುದೂ ಇದೆ, ಅದು ಇನ್ನೂ ಜಾರುವ ನೆಲ. ನಿಯಮದಲ್ಲಿ ಐಪಿ ವಿಳಾಸದ ಬದಲು ಡಿಎನ್‌ಎಸ್ ಹೆಸರು ಬರೆಯಬಹುದು. ಐಪಿಟೇಬಲ್ಸ್ ಆ ಹೆಸರಿನ ವಿಳಾಸವನ್ನು ನಿಯಮ ಸೇರಿಸುವಾಗ ಒಂದೇ ಒಂದು ಸಲ ವಿಚಾರಿಸುತ್ತದೆ. ಆಮೇಲೆ ಆ ಸೇವೆ ಬೇರೆ ವಿಳಾಸಕ್ಕೆ ಹೋದರೂ ನಿಯಮ ಹಳೆಯ ವಿಳಾಸವನ್ನೇ ನಂಬಿಕೊಂಡಿರುತ್ತದೆ. ಪಿಎಫ್‌ಸೆನ್ಸ್ ಇದಕ್ಕಾಗಿ ಪ್ರತ್ಯೇಕ ಪ್ರೋಗ್ರಾಂ ಓಡಿಸುತ್ತದೆ, ಸಾಮಾನ್ಯವಾಗಿ 5 ನಿಮಿಷಕ್ಕೊಮ್ಮೆ ಹೆಸರುಗಳನ್ನು ಮತ್ತೆ ವಿಚಾರಿಸಿ ಟೇಬಲ್‌ಗಳನ್ನು ತಿದ್ದುತ್ತದೆ. ವಿಳಾಸವೇ ಕೈ ಬದಲಿಸುವುದೂ ಉಂಟು: ಕ್ಲೌಡ್‌ನಲ್ಲಿ ಒಬ್ಬರು ಬಿಟ್ಟ ಐಪಿ ವಿಳಾಸ ಸ್ವಲ್ಪ ಹೊತ್ತಿನಲ್ಲೇ ಇನ್ನೊಬ್ಬರ ಪಾಲಾಗಬಹುದು. ನಾವು ಸರ್ವರ್ ಮುಚ್ಚಿದ ಮೇಲೆ ಅದರ ವಿಳಾಸಕ್ಕೆ ಕೊಟ್ಟಿದ್ದ ಅನುಮತಿಯನ್ನು ನಿಯಮಗಳಿಂದ ತೆಗೆಯದಿದ್ದರೆ, ಆ ಅನುಮತಿ ಅಪರಿಚಿತರ ಕೈಗೆ ಹೋಗುತ್ತದೆ.

ನಡೆದದ್ದನ್ನು ದಾಖಲಿಸುವ ಲಾಗ್‌ಗಳ ವಿಷಯದಲ್ಲಿ ಮಾತ್ರ ಹಳೆಯ ಹೆಸರನ್ನು ತಿದ್ದಬಾರದು. ಮಾರ್ಚ್ ತಿಂಗಳಲ್ಲಿ ಏನು ನಡೆಯಿತೋ ಅದನ್ನು ಆಗಿನ ಹೆಸರಿನಲ್ಲೇ ಇಡಬೇಕು. ಆದರೆ ಲಾಗ್ ಓದುವವರಿಗೆ ಆ ಸಾಲು ಇಂದಿನ ಯಾವ ನಿಯಮದ್ದು ಎಂದು ಗೊತ್ತಾಗಬೇಕಲ್ಲ? ನಿಯಮದ ಕ್ರಮಾಂಕ ಇದಕ್ಕೆ ಸಾಲದು. ಮೇಲೊಂದು ಹೊಸ ನಿಯಮ ಸೇರಿಸಿದರೆ 57ನೆಯದು 58ನೆಯದಾಗುತ್ತದೆ. ಪಿಎಫ್‌ಸೆನ್ಸ್ ಪ್ರತಿ ನಿಯಮಕ್ಕೂ ಟ್ರ್ಯಾಕರ್ ಎಂಬ ಗುರುತು ಸಂಖ್ಯೆ ಕೊಟ್ಟು, ಲಾಗ್‌ನಲ್ಲಿ ಅದನ್ನು ಬರೆಯುತ್ತದೆ. ನಿಯಮ ಮೇಲೆ ಕೆಳಗೆ ಸರಿದರೂ ಆ ಸಂಖ್ಯೆ ಜೊತೆಗೇ ಹೋಗುತ್ತದೆ.

ಫೈರ್‌ವಾಲ್ ಸಂರಚನೆಯ ತಪ್ಪುಗಳನ್ನು ಕ್ರಮಬದ್ಧವಾಗಿ ಎಣಿಸಿದವರಲ್ಲಿ ಇಸ್ರೇಲಿನ ವಿಜ್ಞಾನಿ ಅವಿಶಾಯ್ ವೂಲ್ ಪ್ರಮುಖರು. ನಿಜವಾದ ಸಂಸ್ಥೆಗಳಲ್ಲಿ ಬಳಕೆಯಲ್ಲಿದ್ದ 37 ಫೈರ್‌ವಾಲ್ ನಿಯಮಾವಳಿಗಳನ್ನು ಪರೀಕ್ಷಿಸಿ 2004ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ಫಲಿತಾಂಶ ನೇರವಾಗಿತ್ತು: ನಿಯಮಾವಳಿ ಸಂಕೀರ್ಣವಾದಷ್ಟೂ ತಪ್ಪು ಹೆಚ್ಚು. ಸಂಕೀರ್ಣತೆ ಅಳೆಯಲು ಅವರು ಕಟ್ಟಿದ ಸೂತ್ರ ಗಮನಿಸುವಂಥದ್ದು. ನಿಯಮಗಳ ಸಂಖ್ಯೆ, ಇಂಟರ್‌ಫೇಸ್‌ಗಳ ಜೋಡಿಗಳ ಸಂಖ್ಯೆ, ಇವುಗಳ ಜೊತೆ ಹೆಸರಿಟ್ಟ ವಸ್ತುಗಳ ಸಂಖ್ಯೆಯನ್ನೂ ಅವರು ಕೂಡಿಸಿದರು. ಸರಳತೆಗೆಂದು ಇಟ್ಟ ಒಂದೊಂದು ಹೆಸರೂ ನೆನಪಿಡಬೇಕಾದ ಇನ್ನೊಂದು ಸಂಗತಿ ಎಂಬುದನ್ನು ಆ ಸೂತ್ರ ಒಪ್ಪಿಕೊಳ್ಳುತ್ತದೆ.

ಕೆಲಸದ ಮೇಜಿನ ಬಳಿ ಈ ತಿಳಿವಳಿಕೆಗೆ ಒಳ್ಳೆಯ ಆಸರೆ ಕೊಟ್ಟಿರುವುದು ಜುನಿಪರ್‌ನ ಜುನೋಸ್ ಎಂದು ನನ್ನ ಅಭಿಪ್ರಾಯ. ಅಲ್ಲಿ ತಿದ್ದುಪಡಿಗಳು ಮೊದಲು ಒಂದು ಕರಡಿನಲ್ಲಿ ಕೂರುತ್ತವೆ. ರಿನೇಮ್ ಎಂಬ ಆಜ್ಞೆ ವಸ್ತುವಿನ ಹೆಸರನ್ನಷ್ಟೇ ಬದಲಿಸುತ್ತದೆ, ಉಲ್ಲೇಖಗಳನ್ನು ಮುಟ್ಟುವುದಿಲ್ಲ. ಎಲ್ಲ ಕಡೆಯೂ ಬದಲಿಸಲು ರಿಪ್ಲೇಸ್ ಪ್ಯಾಟರ್ನ್ ಎಂಬ ಬೇರೆ ಆಜ್ಞೆ ಇದೆ. ಮರೆತು ಬರೀ ರಿನೇಮ್ ಮಾಡಿದರೂ, ಜಾರಿ ಮಾಡುವ ಮುನ್ನ ನಡೆಯುವ ತಪಾಸಣೆಯಲ್ಲಿ ಪಾಲಿಸಿಯೊಂದು ಇಲ್ಲದ ವಿಳಾಸವನ್ನು ಹೆಸರಿಸುತ್ತಿರುವುದು ಸಿಕ್ಕಿಬೀಳುತ್ತದೆ, ಕರಡು ಜಾರಿಯಾಗುವುದಿಲ್ಲ. ತಪಾಸಣೆ ದಾಟಿದ ತಪ್ಪಿಗೂ ಒಂದು ಉಪಾಯವಿದೆ. ಕಮಿಟ್ ಕನ್‌ಫರ್ಮ್ಡ್ ಎಂದು ಜಾರಿ ಮಾಡಿದರೆ, ಬೇರೆ ಗಡುವು ಹೇಳದಿದ್ದಲ್ಲಿ 10 ನಿಮಿಷದೊಳಗೆ ನಾವು ಮತ್ತೆ ಖಚಿತಪಡಿಸಬೇಕು, ಇಲ್ಲವಾದರೆ ಯಂತ್ರ ಹಿಂದಿನ ಸ್ಥಿತಿಗೆ ಮರಳುತ್ತದೆ. ಸಂಪರ್ಕ ಕಡಿದುಕೊಂಡು ಹೊರಗೆ ನಿಂತವರನ್ನು ಇದು ಕಾಪಾಡುತ್ತದೆ.

ನಿಮ್ಮ ಸಂಸ್ಥೆಯ ಫೈರ್‌ವಾಲ್ ನಿಮ್ಮ ಸುಪರ್ದಿಯಲ್ಲಿದ್ದರೆ ಒಂದು ಪರೀಕ್ಷೆ ಮಾಡಿ ನೋಡಿ. ಮೊದಲು ಸಂರಚನೆಯ ಬ್ಯಾಕಪ್ ತೆಗೆದಿಡಿ. ಯಾರೂ ಬಳಸದ ವಿಳಾಸವೊಂದಕ್ಕೆ ಹೊಸ ಹೆಸರಿಡಿ. ಆ ಹೆಸರನ್ನು ಚಾಲನೆಯಲ್ಲಿಲ್ಲದ ಒಂದು ನಿಯಮದಲ್ಲಿ, ಒಂದು ಪೋರ್ಟ್ ಫಾರ್ವರ್ಡ್‌ನಲ್ಲಿ, ಮತ್ತೊಂದು ಗುಂಪಿನ ಒಳಗೆ, ನಿಮ್ಮ ಯಂತ್ರ ಅವಕಾಶ ಕೊಡುವ ಎಲ್ಲ ಕಡೆಯೂ ಬರೆಯಿರಿ. ಆಮೇಲೆ ಹೆಸರು ಬದಲಿಸಿ, ಬದಲಾದ ಸಂರಚನೆಯನ್ನು ಕಡತವಾಗಿ ಇಳಿಸಿಕೊಂಡು ಹಳೆಯ ಹೆಸರಿಗಾಗಿ ಹುಡುಕಿ. ಇನ್ನೊಂದು ಸಲ, ಬಳಕೆಯಲ್ಲಿರುವಾಗಲೇ ಆ ಹೆಸರನ್ನು ಅಳಿಸಲು ಪ್ರಯತ್ನಿಸಿ. ಬ್ಯಾಕಪ್ ಯಂತ್ರವಿದ್ದರೆ ಅದರಲ್ಲೂ, ಫೈರ್‌ವಾಲ್‌ಗೆ ಆಜ್ಞೆ ಕಳಿಸುವ ಸ್ಕ್ರಿಪ್ಟ್‌ಗಳಿದ್ದರೆ ಅವುಗಳಲ್ಲೂ ಹಳೆಯ ಹೆಸರು ಉಳಿದಿದೆಯೇ ನೋಡಿ, ಯಾಕೆಂದರೆ ಯಂತ್ರ ಎಷ್ಟೇ ಜಾಣವಾಗಿದ್ದರೂ ತನ್ನ ಹೊರಗಿರುವ ಕಡತಗಳನ್ನು ತಿದ್ದಲಾರದು. ಹಳೆಯ ಹೆಸರು ಎಲ್ಲಾದರೂ ಸಿಕ್ಕರೆ ಆ ಜಾಗವನ್ನು ಬರೆದಿಟ್ಟುಕೊಳ್ಳಿ, ತಯಾರಕರಿಗೂ ತಿಳಿಸಿ. ಕೇಳದೆ ಅಳಿಸಲು ಬಿಡುವ ಫೈರ್‌ವಾಲ್ ನಿಮ್ಮದಾಗಿದ್ದರೆ, ಅದರಲ್ಲಿ ಹೆಸರು ಬದಲಿಸುವ ಕೆಲಸವನ್ನು ಇನ್ನೊಬ್ಬರು ಪಕ್ಕದಲ್ಲಿ ಕೂತು ನೋಡದೆ ಮಾಡಬೇಡಿ.